ಹೆಗಲು ತಾಳುವಷ್ಟೇ ಕೋವಿ

ಜಿಂಬಾಬ್ವೆಯ ಜಾಂಬೆಜಿ ಕಣಿವೆಯಲ್ಲಿ ಕಾಡೆಮ್ಮೆಯ ಶಿಕಾರಿಗೆ ಹೊರಟವರು ಒಬ್ಬರ ಹಿಂದೊಬ್ಬರು ಸಾಲಾಗಿ ನಡೆಯುತ್ತಾರೆ. ಎಲ್ಲರಿಗಿಂತ ಮುಂದಿರುವವನು ಜಾಡು ನೋಡುವವನು. ಅವನ ಕಣ್ಣು ನೆಲದ ಮೇಲೆ. ಕೈಯಲ್ಲಿ ಬಂದೂಕಿಲ್ಲ, ಒಂದು ಕೋಲು, ಇಲ್ಲವೇ ರೈಫಲ್ ಆನಿಸಿಕೊಳ್ಳಲು ಬೇಕಾಗುವ ಮೂರು ಕಾಲಿನ ಊರುಗೋಲು. ಅವನ ಬೆನ್ನಿಗೆ ದೊಡ್ಡ ರೈಫಲ್ ಹಿಡಿದ ವೃತ್ತಿನಿರತ ಶಿಕಾರಿ. ಅವನ ಹಿಂದೆ, ಹಣ ಕಟ್ಟಿ ದೂರದ ದೇಶದಿಂದ ಬಂದ ಅತಿಥಿ ಬೇಟೆಗಾರ. ಮೊದಲ ಗುಂಡು ಹಾರಿಸುವ ಹಕ್ಕು ಈ ಮೂರನೆಯವನದು. ಆ ಗುಂಡು ಎದೆಗೆ ಬೀಳದೆ ಹೊಟ್ಟೆಗೆ ಬಿದ್ದು, ಗಾಯಗೊಂಡ ಕಾಡೆಮ್ಮೆ ಮುಳ್ಳುಪೊದೆಯೊಳಗೆ ನುಗ್ಗಿತು ಅನ್ನಿ. ಆಗ ರಕ್ತದ ಹನಿ ಹುಡುಕುತ್ತ ಪೊದೆಯೊಳಗೆ ಮೊದಲು ಕಾಲಿಡಬೇಕಾದವನು ಕೋಲು ಹಿಡಿದ ಆ ಮೊದಲನೆಯವನೇ.

ಆಫ್ರಿಕಕ್ಕೆ ಬೇಟೆಗೆ ಹೋಗುವವರು ಯಾವ ಕ್ಯಾಲಿಬರ್‌ನ ರೈಫಲ್ ಒಯ್ಯಬೇಕು ಎಂಬ ಚರ್ಚೆಗೆ ನೂರು ವರ್ಷ ದಾಟಿದೆ. ಗುಂಡಿನ ದಪ್ಪ, ತೂಕ, ವೇಗ, ಬಲ ಎಂದು ಅಂಕಿಗಳ ಮೇಲೆ ಅಂಕಿ ಪೇರಿಸಿ ವಾದ ಮಾಡುವುದು ಆ ಲೋಕದ ರೂಢಿ. ಆ ಅಂಕಿಗಳಿಗೆಲ್ಲ ಅರ್ಥವಿದೆ, ಇಲ್ಲವೆನ್ನುವುದಿಲ್ಲ. ಆದರೆ ತಪ್ಪು ಆಯ್ಕೆಯ ಬೆಲೆಯನ್ನು ಮೊದಲು ತೆರುವುದು ಆ ಪ್ರಾಣಿ, ಆಮೇಲೆ ಕೋಲು ಹಿಡಿದ ಆ ಮನುಷ್ಯ. ರೈಫಲ್ ಆರಿಸಿದವನ ಸರದಿ ಕೊನೆಯದು. ಈ ಮಾತನ್ನು ಎದುರಿಗಿಟ್ಟುಕೊಂಡೇ ಲೆಕ್ಕ ಶುರುಮಾಡಬೇಕು ಎಂಬುದು ನನ್ನ ನಂಬಿಕೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಶಿಕಾರಿಯ ಬಾಗಿಲು ಮುಚ್ಚಿತು. ಅದು ಮುಚ್ಚಿಯೇ ಇರಲಿ. ನಮಗೆ ಉಳಿದದ್ದು ಓದು: ಕೆನೆತ್ ಆ್ಯಂಡರ್ಸನ್, ಜಿಮ್ ಕಾರ್ಬೆಟ್ ಅವರನ್ನು ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಓದಿ ಬೆಳೆದವರು ನಾವು. ಆಫ್ರಿಕದಲ್ಲಿ ಒಂದೊಂದು ದೇಶದ ದಾರಿ ಒಂದೊಂದು. ಕೀನ್ಯಾ 1977ರಲ್ಲಿ ಬೇಟೆಯನ್ನು ನಿಷೇಧಿಸಿತು. ಬೋಟ್ಸ್ವಾನ 2014ರಲ್ಲಿ ನಿಲ್ಲಿಸಿ 2019ರಲ್ಲಿ ಮತ್ತೆ ತೆರೆಯಿತು. ನಮೀಬಿಯಾದಲ್ಲಿ 1996ರ ಕಾನೂನು ತಿದ್ದುಪಡಿಯ ನಂತರ ಹಳ್ಳಿಗರೇ ಕಟ್ಟಿಕೊಂಡ ಸಂರಕ್ಷಣಾ ಸಮುದಾಯಗಳಿಗೆ ಬೇಟೆಯ ಶುಲ್ಕವೂ ಮಾಂಸವೂ ಸೇರುತ್ತವೆ. ದಕ್ಷಿಣ ಆಫ್ರಿಕದಲ್ಲಿ ಖಾಸಗಿ ಜಮೀನುಗಳಲ್ಲಿ ಕಾಡುಪ್ರಾಣಿ ಸಾಕುವುದೇ ಒಂದು ದೊಡ್ಡ ಉದ್ಯಮ. ಇದು ಸರಿಯೋ ತಪ್ಪೋ ಎಂಬ ವಾದ ನಡೆಯುತ್ತಲೇ ಇದೆ, ನಡೆಯಲಿ. ಆದರೆ ಕಾನೂನು ಒಪ್ಪಿದ ಕಡೆ ಗುಂಡು ಹಾರುವುದೇ ಆದರೆ ಪ್ರಾಣಿ ನರಳದೆ ಸಾಯಬೇಕು. ಇದರಲ್ಲಿ ಎರಡು ಮಾತಿರಕೂಡದು.

ಕ್ಯಾಲಿಬರ್ ಎಂದರೆ ಸರಳವಾಗಿ ನಳಿಗೆಯ ಒಳಬಾಯಿಯ ಅಳತೆ. .375 ಎಂದರೆ ಇಂಚಿನ ಸಾವಿರದಲ್ಲಿ 375 ಪಾಲು, ಸುಮಾರು ಒಂಬತ್ತೂವರೆ ಮಿಲಿಮೀಟರ್. ಆದರೆ ಈ ಸಂಖ್ಯೆಯೊಂದೇ ಏನನ್ನೂ ಹೇಳುವುದಿಲ್ಲ. ಅದೇ ದಪ್ಪದ ಗುಂಡಿನ ಹಿಂದೆ ಚಿಕ್ಕ ಚಿಪ್ಪಿಟ್ಟು ಹಿಡಿ ಮದ್ದು ತುಂಬಬಹುದು, ದೊಡ್ಡ ಚಿಪ್ಪಿಟ್ಟು ಬೊಗಸೆ ಮದ್ದನ್ನೂ ತುಂಬಬಹುದು. ಆದ್ದರಿಂದಲೇ ಸಂಖ್ಯೆಯ ಜೊತೆಗೆ ಒಂದು ಹೆಸರೂ ಇರುತ್ತದೆ: .375 ಹಾಲೆಂಡ್ ಅಂಡ್ ಹಾಲೆಂಡ್, .416 ರಿಗ್ಬಿ, .470 ನೈಟ್ರೋ ಎಕ್ಸ್‌ಪ್ರೆಸ್. ಅದು ಇಡೀ ತೋಟಾದ ಹೆಸರು. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ 1912ರಲ್ಲಿ ತಂದ .375 ತೋಟಾ 19 ಗ್ರಾಂ ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 770 ಮೀಟರ್ ವೇಗದಲ್ಲಿ ಕಳಿಸುತ್ತದೆ. .470ರ ತೋಟಾ ಹೊಸ ಸೀಮೆಸುಣ್ಣದ ಕಡ್ಡಿಗಿಂತ ಉದ್ದ. ಅದರ ಗುಂಡೊಂದೇ 32 ಗ್ರಾಂ, ಅಂದರೆ ಹೆಚ್ಚುಕಡಿಮೆ ಹತ್ತು ರೂಪಾಯಿಯ ನಾಲ್ಕು ನಾಣ್ಯಗಳ ತೂಕ. ಅದರ ವೇಗ ಸೆಕೆಂಡಿಗೆ 655 ಮೀಟರ್.

ಗುಂಡಿನ ಬಲವನ್ನು ಜೌಲ್‌ನಲ್ಲಿ ಅಳೆಯುತ್ತಾರೆ. ಆಫ್ರಿಕದ ಕೆಲವು ದೇಶಗಳ ಕಾನೂನು ಮಾತಾಡುವುದೂ ಈ ಭಾಷೆಯಲ್ಲೇ. ನಮೀಬಿಯಾದಲ್ಲಿ ಸ್ಪ್ರಿಂಗ್‌ಬಾಕ್‌ನಂಥ ಸಣ್ಣ ಜಿಂಕೆಗೆ ಕನಿಷ್ಠ 1,350 ಜೌಲ್ ಬೇಕು. ಕುಡು, ವೈಲ್ಡ್‌ಬೀಸ್ಟ್, ಈಲ್ಯಾಂಡ್‌ಗಳಿಗೆ 2,700 ಜೌಲ್. ಕಾಡೆಮ್ಮೆ, ಆನೆಗಳಿಗೆ 5,400 ಜೌಲ್. ಜಿಂಬಾಬ್ವೆಯ ನಿಯಮ ಇನ್ನೂ ಬಿಡಿಸಿ ಹೇಳುತ್ತದೆ: ಆನೆ, ಕಾಡೆಮ್ಮೆ, ನೀರಾನೆಗೆ ಗುಂಡಿನ ದಪ್ಪ ಕನಿಷ್ಠ 9.2 ಮಿಲಿಮೀಟರ್, ಬಲ 5,300 ಜೌಲ್. ಸಿಂಹ ಮತ್ತು ಈಲ್ಯಾಂಡ್‌ಗೆ 7 ಮಿಲಿಮೀಟರ್, 4,300 ಜೌಲ್. ಚಿರತೆ, ಜೀಬ್ರಾ, ಕುಡುಗಳಿಗೆ 3,000 ಜೌಲ್. .375 ಹಾಲೆಂಡ್‌ನ ಬಲ ಸುಮಾರು 5,800 ಜೌಲ್. ಆದ್ದರಿಂದಲೇ ಅದು ಎಲ್ಲ ಗೆರೆಗಳನ್ನೂ ದಾಟಿ ನಿಲ್ಲುತ್ತದೆ. ದೊಡ್ಡ ಪ್ರಾಣಿಗಳಿಗೆ ಕಾನೂನು ಹಾಕಿದ ಗೆರೆಯನ್ನು ಜನ ‘.375ರ ಗೆರೆ’ ಎಂದೇ ನೆನಪಿಟ್ಟುಕೊಂಡಿರುವುದೂ ಅದಕ್ಕೇ.

ಇಷ್ಟು ಕೇಳಿದ ಮೇಲೆ ದೊಡ್ಡ ಗುಂಡು ಪ್ರಾಣಿಯನ್ನು ಹೊಡೆದು ಉರುಳಿಸುತ್ತದೆ ಎಂದು ಯಾರಿಗಾದರೂ ಅನ್ನಿಸಬಹುದು. ಸಿನಿಮಾ ಕೂಡ ನಮಗೆ ಅದನ್ನೇ ಕಲಿಸಿದೆ. ಲೆಕ್ಕ ಬೇರೆಯೇ ಹೇಳುತ್ತದೆ. .470ರ ಗುಂಡು 700 ಕಿಲೋ ತೂಗುವ ಕಾಡೆಮ್ಮೆಯ ಮೈಯೊಳಗೆ ಹೊಕ್ಕು ಅಲ್ಲೇ ನಿಂತರೆ, ಆ ಪ್ರಾಣಿಗೆ ಸಿಗುವ ನೂಕು ಸೆಕೆಂಡಿಗೆ ಮೂರು ಸೆಂಟಿಮೀಟರ್. ಇರುವೆ ನಡೆಯುವ ವೇಗ ಅದು. ಗುಂಡು ಪ್ರಾಣಿಯನ್ನು ಉರುಳಿಸುವಷ್ಟು ಜೋರಾಗಿ ನೂಕುವುದಾಗಿದ್ದರೆ ಹಾರಿಸಿದವನೂ ಅಷ್ಟೇ ಜೋರಾಗಿ ಹಿಂದಕ್ಕೆ ಬೀಳಬೇಕಿತ್ತು. ಗುಂಡು ಕೊಲ್ಲುವುದು ನೂಕಿ ಅಲ್ಲ, ಹೊಕ್ಕು. ಹೃದಯ, ಶ್ವಾಸಕೋಶ, ಮಿದುಳು, ಬೆನ್ನುಹುರಿ, ಈ ನಾಲ್ಕರಲ್ಲಿ ಒಂದನ್ನು ತಲುಪಿದರೆ ಕೆಲಸವಾಯಿತು. ತಲುಪದಿದ್ದರೆ ಎಷ್ಟು ಸಾವಿರ ಜೌಲ್ ಇದ್ದರೂ ಅದು ಗಾಯ ಮಾತ್ರ.

ಹಾಗಾದರೆ ತಲುಪುವುದು ಹೇಗೆ? ಇದಕ್ಕೆ ಉತ್ತರ ಕೊಟ್ಟವನು ಸ್ಕಾಟ್ಲೆಂಡಿನ ಡಬ್ಲ್ಯು.ಡಿ.ಎಂ. ಬೆಲ್. ಉಗಾಂಡದ ಉತ್ತರದ ಕರಮೋಜ ಸೀಮೆಯಲ್ಲಿ ಅಲೆದದ್ದರಿಂದ ‘ಕರಮೋಜೊ ಬೆಲ್’ ಎಂದೇ ಹೆಸರಾದವನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದಂತಕ್ಕಾಗಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ. ಇಂದು ಓದಿದರೆ ಮನಸ್ಸು ಮುದುಡುವ ಸಂಖ್ಯೆ ಅದು. ನಮ್ಮ ಪ್ರಶ್ನೆಗೆ ಬೇಕಾದ ಸಂಗತಿ ಇನ್ನೊಂದು: ಅವುಗಳಲ್ಲಿ ಬಹುಪಾಲನ್ನು ಕೊಂದದ್ದು 7×57 ಮೌಸರ್ ಎಂಬ ಸಣ್ಣ ರೈಫಲ್‌ನಿಂದ. ಬ್ರಿಟಿಷರು ಅದನ್ನೇ .275 ರಿಗ್ಬಿ ಎಂದರು. 1907ರಲ್ಲಿ ಚಂಪಾವತ್‌ನ ನರಭಕ್ಷಕ ಹುಲಿಯನ್ನು ಕೊಂದ ಜಿಮ್ ಕಾರ್ಬೆಟ್‌ಗೆ ಬಹುಮಾನವಾಗಿ ಬಂದದ್ದೂ ಇದೇ ತೋಟಾದ ರೈಫಲ್. ಬೆಲ್ ಹಾರಿಸಿದ ಗುಂಡಿನ ಬಲ ಇಂದಿನ ಜಿಂಬಾಬ್ವೆಯ ಕಾನೂನಿನ ಪ್ರಕಾರ ಆನೆಗಿರಲಿ, ಜೀಬ್ರಾಕ್ಕೂ ಸಾಲದು.

ಗೋಣಿಚೀಲಕ್ಕೆ ದಬ್ಬಣ ಚುಚ್ಚಿದವರಿಗೆ ಇದರ ಗುಟ್ಟು ತಟ್ಟನೆ ಅರ್ಥವಾಗುತ್ತದೆ. ಅದೇ ಕೈ, ಅದೇ ಬಲ. ಮೊಂಡು ಗೂಟ ಚೀಲದ ಮೇಲೇ ನಿಲ್ಲುತ್ತದೆ, ದಬ್ಬಣ ಒಳಗೆ ಇಳಿಯುತ್ತದೆ. ಬೆಲ್‌ನ ಗುಂಡು ತೆಳ್ಳಗೆ, ಉದ್ದಕ್ಕೆ, ಗಟ್ಟಿ ಲೋಹದ ಕವಚದೊಳಗೆ ಇತ್ತು. ಗುಂಡಿನ ತೂಕವನ್ನು ಅದರ ಅಡ್ಡಗಲಕ್ಕೆ ಹೋಲಿಸಿ ನೋಡುವ ಒಂದು ಲೆಕ್ಕವಿದೆ. ಆ ಲೆಕ್ಕದಲ್ಲಿ ಬೆಲ್‌ನ 11 ಗ್ರಾಂ ಗುಂಡೂ .375ರ 19 ಗ್ರಾಂ ಗುಂಡೂ ಹೆಚ್ಚುಕಡಿಮೆ ಸರಿಸಮ. ಇದಕ್ಕೆ ಎದುರಾಗಿ .405 ವಿಂಚೆಸ್ಟರ್ ಎಂಬ ಅಮೆರಿಕದ ತೋಟಾವನ್ನು ನೋಡಿ. ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಪೂರ್ವ ಆಫ್ರಿಕಕ್ಕೆ ಹೋದಾಗ ಸಿಂಹದ ಬೇಟೆಗೆ ಬಹಳ ಮೆಚ್ಚಿದ್ದು ಇದನ್ನು. ನಮ್ಮ ಬೆಂಗಳೂರಿನ ಕೆನೆತ್ ಆ್ಯಂಡರ್ಸನ್ ಜೀವಮಾನವಿಡೀ ಹೆಗಲಿಗೇರಿಸಿದ್ದೂ ಇದೇ .405 ರೈಫಲನ್ನು. ಅದರ ಗುಂಡೂ 19 ಗ್ರಾಮೇ. ಆದರೆ ಅಗಲ ಹೆಚ್ಚು, ಉದ್ದ ಕಡಿಮೆ. ಒಳಹೊಗುವ ಲೆಕ್ಕದಲ್ಲಿ ಅದು .375ಕ್ಕಿಂತ ಆರನೇ ಒಂದು ಪಾಲು ಹಿಂದೆ. ಹುಲಿ, ಚಿರತೆ, ಸಿಂಹಗಳ ಮೈಗೆ ಅದು ಸಾಕು. ಅಡಿಗಟ್ಟಲೆ ಮಾಂಸ, ಮೂಳೆ ದಾಟಬೇಕಾದ ಕಡೆ ಸಾಲದು. ಒಂದೇ ತೂಕದ ಎರಡು ಗುಂಡುಗಳ ನಡುವೆ ಇಷ್ಟು ಅಂತರ!

ಬೆಲ್‌ನ ಕಥೆಯಲ್ಲಿ ಜನ ಮರೆಯುವ ಅರ್ಧವೊಂದಿದೆ. ಅವನು ಆನೆಯ ತಲೆಬುರುಡೆಯನ್ನು ಗರಗಸದಿಂದ ಸೀಳಿ, ಮಿದುಳು ಎಲ್ಲಿ ಅಡಗಿದೆ, ಯಾವ ಕೋನದಿಂದ ಅದಕ್ಕೆ ದಾರಿ ಎಂಬುದನ್ನು ಕಣ್ಣಾರೆ ಕಂಡು ಕಲಿತವನು. ಆನೆಯ ತಲೆ ಹೊರಗಿನಿಂದ ಬಂಡೆಯಂತೆ ಕಂಡರೂ ಒಳಗೆ ಬಹುಭಾಗ ಜೇನುಗೂಡಿನಂಥ ಟೊಳ್ಳು ಮೂಳೆ. ಮಿದುಳು ಒಂದು ಬ್ರೆಡ್ಡಿನಷ್ಟು ಗಾತ್ರದ್ದು, ಬಹಳ ಹಿಂದೆ ಇರುತ್ತದೆ. ದಿನವೂ ಗುರಿ ಅಭ್ಯಾಸ ಮಾಡುತ್ತ, ಕಾಡಿನಲ್ಲೇ ಬದುಕುತ್ತ, ಸರಿಯಾದ ಕೋನ ಸಿಗುವವರೆಗೆ ಕಾಯುತ್ತ ಇದ್ದವನ ಕೈಯಲ್ಲಿ ಸಣ್ಣ ರೈಫಲ್ ಸಾಕಾಯಿತು. ವರ್ಷಕ್ಕೆ ಹತ್ತು ದಿನದ ರಜೆಯಲ್ಲಿ ಬರುವವನಿಗೆ ಅದು ಸಾಕಾಗದು. ಕಾನೂನು ಕನಿಷ್ಠದ ಗೆರೆ ಎಳೆದಿರುವುದು ಬೆಲ್‌ನಂಥವರಿಗಲ್ಲ, ನಮ್ಮಂಥವರಿಗೆ.

ದೊಡ್ಡ ತೋಟಾಗಳ ಚರಿತ್ರೆಯಲ್ಲಿ ಭಾರತದ ಕೈಯೂ ಇದೆ. .416 ರಿಗ್ಬಿ, .470 ತೋಟಾಗಳ ಚಿಪ್ಪು ಅಷ್ಟು ದೊಡ್ಡದೇಕೆ ಎಂದರೆ ಅವು ಹುಟ್ಟಿದ್ದು ಬಿಸಿಲಿನ ದೇಶಗಳಿಗಾಗಿ. ಅಂದಿನ ಕಾರ್ಡೈಟ್ ಮದ್ದು ಕಾದಷ್ಟೂ ಒತ್ತಡ ಏರಿಸುತ್ತಿತ್ತು. ಸಣ್ಣ ಚಿಪ್ಪಿನಲ್ಲಿ ತುರುಕಿದರೆ ಕಾದ ನಳಿಗೆಯಲ್ಲಿ ಖಾಲಿ ಚಿಪ್ಪು ಕಚ್ಚಿಕೊಂಡು ಈಚೆಗೆ ಬಾರದೆ ಹೋಗುವ ಭಯ. ಎದುರಿಗೆ ಆನೆ ಇರುವಾಗ ಅದು ಸಾವಿಗೆ ಸಮ. ಅದಕ್ಕೇ ವಿಶಾಲ ಚಿಪ್ಪು, ತಗ್ಗಿದ ಒತ್ತಡ. ಇನ್ನೊಂದು ಸಂಗತಿ ಕ್ಯಾಲಿಬರ್ ಸಂಖ್ಯೆಗಳದ್ದು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಸರ್ಕಾರ ಭಾರತಕ್ಕೂ ಸುಡಾನಿಗೂ .450 ಬೋರ್ ರೈಫಲ್ ಒಯ್ಯುವುದನ್ನು ನಿಷೇಧಿಸಿತು. ಬಂಡೆದ್ದವರ ಕೈಯಲ್ಲಿ ಹಳೆಯ ಮಾರ್ಟಿನಿ ಹೆನ್ರಿ ಸೈನಿಕ ಬಂದೂಕುಗಳಿದ್ದವು. ಶಿಕಾರಿಯ .450 ಗುಂಡು ಅವುಗಳಿಗೆ ಹೊಂದುತ್ತದೆ ಎಂಬುದು ಸರ್ಕಾರದ ಅಂಜಿಕೆ. ಭಾರತದ ಮಾರುಕಟ್ಟೆ ಕಳೆದುಕೊಳ್ಳಲು ಮನಸ್ಸಿಲ್ಲದ ಲಂಡನ್ನಿನ ಕೋವಿ ಕಂಪನಿಗಳು .465, .470, .475, .476 ಎಂದು ಕೂದಲೆಳೆಯ ಅಂತರದ ಹೊಸ ಅಳತೆಗಳತ್ತ ಹೊರಳಿದವು. ಇಂದು ಆಫ್ರಿಕದ ವೃತ್ತಿ ಶಿಕಾರಿಗಳು ಬಹಳ ಮೆಚ್ಚುವ ಜೋಡುನಳಿಗೆಯ .470 ನೆಲೆಯೂರಿದ್ದು, ನಮ್ಮ ನೆಲದ ಬಂಡಾಯಕ್ಕೆ ದೊರೆತನ ಹೆದರಿದ್ದರಿಂದ.

ಗುಂಡಿನ ದಪ್ಪದಷ್ಟೇ ಮುಖ್ಯವಾದದ್ದು ಗುಂಡಿನ ಜಾತಿ. ಎರಡು ಬಗೆ ಇವೆ. ಮೆತ್ತನೆ ಮೂತಿಯ ಗುಂಡು ಮೈಯೊಳಗೆ ಹೊಕ್ಕೊಡನೆ ಅಣಬೆಯ ಕೊಡೆಯಂತೆ ಅರಳಿ ಅಗಲವಾದ ದಾರಿ ಕೊರೆಯುತ್ತದೆ. ಜಿಂಕೆ, ಜೀಬ್ರಾ, ಸಿಂಹ, ಚಿರತೆಗಳಿಗೆ ಇದೇ ಬೇಕು. ಗಟ್ಟಿ ಗುಂಡು ಅರಳುವುದಿಲ್ಲ. ಮೂಳೆ ಮುರಿದು ನೇರವಾಗಿ ಆಳಕ್ಕೆ ಹೋಗುತ್ತದೆ. ಆನೆಗೆ ಅದೇ ಬೇಕು. ಕಾಡೆಮ್ಮೆಗೆ ಮೊದಲು ಮೆತ್ತನೆಯದು, ಆಮೇಲಿನವು ಗಟ್ಟಿ ಎಂಬುದು ಅನೇಕರ ಪದ್ಧತಿ. ಹಿಂಡಿನಲ್ಲಿ ನಿಂತ ಕಾಡೆಮ್ಮೆಗೆ ಮೊದಲೇ ಗಟ್ಟಿ ಗುಂಡು ಹೊಡೆದರೆ ಅದು ಒಂದರ ಮೈ ದಾಟಿ ಹಿಂದೆ ನಿಂತ ಇನ್ನೊಂದಕ್ಕೆ ಹೊಕ್ಕುಬಿಡಬಹುದು. ಆಗ ಒಂದು ಶಿಕಾರಿಗೆ ಎರಡು ಗಾಯ. ಅರಳುವ ಗುಂಡಿಗೆ ‘ದಮ್‌ದಮ್’ ಎಂಬ ಹೆಸರು ಬಂದದ್ದು ಕೋಲ್ಕತ್ತದ ಬಳಿಯ ದಮ್‌ದಮ್‌ನ ಮದ್ದುಗುಂಡಿನ ಕಾರ್ಖಾನೆಯಿಂದ. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅದನ್ನು ನಿಷೇಧಿಸಿತು. ಮನುಷ್ಯನ ಮೇಲೆ ಕ್ರೌರ್ಯವೆನಿಸಿದ ಅದೇ ಗುಂಡು ಬೇಟೆಯಲ್ಲಿ ಕರುಣೆಯ ಲೆಕ್ಕಕ್ಕೆ ಬರುತ್ತದೆ. ಯುದ್ಧದಲ್ಲಿ ಎದುರಾಳಿ ಕಾದಲಾರದಂತಾದರೆ ಸಾಕು, ಬೇಟೆಯಲ್ಲಿ ಪ್ರಾಣಿ ನರಳಬಾರದು.

ತೀರಾ ಬೇಗ ಅರಳಿದರೂ ಕೆಡುಕೇ. ಅಮೆರಿಕದ ಜಾನ್ ನಾಸ್ಲರ್ 1946ರಲ್ಲಿ ಕೆನಡಾದ ಕಾಡಿನಲ್ಲಿ ಮೈಗೆಲ್ಲ ಕೆಸರು ಮೆತ್ತಿಕೊಂಡ ಮೂಸ್ ಒಂದಕ್ಕೆ ಹೊಡೆದಾಗ ಗುಂಡು ಚರ್ಮದ ಹತ್ತಿರವೇ ಛಿದ್ರವಾಗಿ ಒಳಗೆ ಇಳಿಯಲೇ ಇಲ್ಲ. ಮನೆಗೆ ಹೋದವನು ನಡುವೆ ಲೋಹದ ಗೋಡೆಯಿರುವ ಗುಂಡು ಮಾಡಿದ: ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಇಡಿಯಾಗಿ ಮುಂದಕ್ಕೆ ನುಗ್ಗುತ್ತದೆ. ಅಲ್ಲಿಂದ ಮುಂದೆ ಇಡೀ ತಾಮ್ರದ ಗುಂಡುಗಳವರೆಗೆ ಸುಧಾರಣೆ ನಡೆದೇ ಇದೆ. ಇಂದು ಒಳ್ಳೆಯ ಗುಂಡು ತುಂಬಿದ ಮಧ್ಯಮ ರೈಫಲ್, ಕಳಪೆ ಗುಂಡಿನ ದೊಡ್ಡ ರೈಫಲ್‌ಗಿಂತ ಮೇಲು. ರೈಫಲ್‌ಗೆ ಲಕ್ಷಗಟ್ಟಲೆ ಸುರಿದು ಗುಂಡಿನಲ್ಲಿ ಜುಗ್ಗತನ ತೋರುವುದು ದೊಡ್ಡ ತಪ್ಪು.

ಇನ್ನು ಮೈಯ ನಕಾಶೆ. ಆಫ್ರಿಕದ ಗೊರಸಿನ ಪ್ರಾಣಿಗಳಲ್ಲಿ ಹೃದಯ ಮತ್ತು ಶ್ವಾಸಕೋಶ ಎದೆಯ ಮುಂಭಾಗದಲ್ಲಿ, ಕೆಳಗೆ, ಮುಂಗಾಲುಗಳ ನಡುವೆ ಇರುತ್ತವೆ. ಬೇರೆ ನಾಡುಗಳಲ್ಲಿ ಭುಜದ ಹಿಂದೆ ಗುರಿಯಿಟ್ಟು ರೂಢಿಯಾದವರು ಇಲ್ಲಿಯೂ ಹಾಗೇ ಮಾಡಿ ಹೊಟ್ಟೆಗೆ ಹೊಡೆಯುತ್ತಾರೆ. ಪ್ರಾಣಿ ಮಗ್ಗುಲು ತೋರಿಸಿ ನಿಂತಾಗ ಮುಂಗಾಲಿನ ಗೆರೆಯಲ್ಲೇ ಮೇಲೆ ಹೋಗಿ, ಮೈಯ ಎತ್ತರದ ಮೂರನೇ ಒಂದು ಭಾಗದಲ್ಲಿ ಗುರಿಯಿಡಬೇಕು ಎಂಬುದು ಅಲ್ಲಿನ ಮೊದಲ ಪಾಠ. ಅಲ್ಲಿ ಹೊಡೆಯುವುದೆಂದರೆ ಭುಜದ ಮೂಳೆ ಒಡೆದು ಒಳಗೆ ಹೋಗಬೇಕು. ಕಾಡೆಮ್ಮೆಯ ಪಕ್ಕೆಲುಬುಗಳಂತೂ ಹೆಂಚಿನ ಸಾಲಿನಂತೆ ಒಂದರ ಮೇಲೊಂದು ಕೂತಿರುತ್ತವೆ. ಗುಂಡು ಗಟ್ಟಿಯಿರಬೇಕು, ತೂಕವಿರಬೇಕು ಎನ್ನುವುದು ಇದಕ್ಕೇ.

ಗುಂಡು ಎಲ್ಲಿ ಬಿತ್ತೆಂಬುದನ್ನು ಜಾಡಿನವನು ರಕ್ತದಲ್ಲಿ ಓದುತ್ತಾನೆ. ಹುಲ್ಲಿನೆಸಳಿನ ಮೇಲೆ ತಿಳಿಗೆಂಪು ನೊರೆ ಕಂಡರೆ ಶ್ವಾಸಕೋಶ. ಪ್ರಾಣಿ ಹೆಚ್ಚು ದೂರ ಹೋಗಿಲ್ಲ. ಕಪ್ಪುಗೆಂಪು ದಪ್ಪ ರಕ್ತವಾದರೆ ಯಕೃತ್ತು, ಕಾಯಬೇಕು. ರಕ್ತ ಕಡಿಮೆಯಿದ್ದು ಹಸಿರು ಬೆರೆತ ಜಗಿದ ಹುಲ್ಲಿನ ಚೂರು ಕಂಡರೆ ಹೊಟ್ಟೆ. ಆಗ ಯಾರೂ ಮಾತಾಡುವುದಿಲ್ಲ. ಮುಂದಿನ ಗಂಟೆಗಳು, ಕೆಲವೊಮ್ಮೆ ಮುಂದಿನ ದಿನಗಳು ಪೊದೆಯೊಳಗೇ. ಸರಿಯಾದ ಜಾಗಕ್ಕೆ ಗುಂಡು ಬಿದ್ದ ಕಾಡೆಮ್ಮೆ ಪೊದೆಯೊಳಗೆ ಉರುಳಿ, ಪ್ರಾಣ ಹೋಗುವಾಗ ಎಳೆದೆಳೆದು ಗೋಳಿಡುವಂತೆ ಒಮ್ಮೆ ಕೂಗುತ್ತದೆ. ಆ ಕೂಗು ಕೇಳುವವರೆಗೆ ಹೊರಗೆ ನಿಂತವರು ಉಸಿರು ಬಿಡುವುದಿಲ್ಲ. ದಕ್ಷಿಣ ಆಫ್ರಿಕದ ಬಹುತೇಕ ಕಡೆ ಇನ್ನೊಂದು ಕಟ್ಟುಪಾಡಿದೆ: ಒಂದು ಹನಿ ರಕ್ತ ಬಿದ್ದರೂ, ಪ್ರಾಣಿ ಸಿಗಲಿ ಬಿಡಲಿ, ಪೂರ್ತಿ ಶುಲ್ಕ ತೆರಬೇಕು. ನ್ಯಾಯವಾದ ಕಟ್ಟುಪಾಡು. 2015ರಲ್ಲಿ ಜಿಂಬಾಬ್ವೆಯ ಹ್ವಾಂಗೆ ಉದ್ಯಾನದ ಅಂಚಿನಲ್ಲಿ ಸೆಸಿಲ್ ಎಂಬ ಸಿಂಹ ಮೊದಲ ಬಾಣಕ್ಕೆ ಸಾಯದೆ ಗಂಟೆಗಟ್ಟಲೆ ಗಾಯದೊಡನೆ ಬದುಕಿತ್ತು ಎಂಬ ಸುದ್ದಿ ಜಗತ್ತಿನ ಮನಸ್ಸನ್ನು ಕಲಕಿದ್ದು ನೆನಪಿರಬಹುದು.

ಇಷ್ಟೆಲ್ಲ ತಿಳಿದವನೂ ಎಡವುವ ಜಾಗ ಒಂದಿದೆ. ಅದು ಅವನ ಹೆಗಲು. ಕೋವಿ ಒದೆಯುತ್ತದೆ. ಥರ್ಟಿ ನಾಟ್ ಸಿಕ್ಸ್ ಎಂದು ಕರೆಯುವ .30-06 ರೈಫಲ್‌ನ ಒದೆತಕ್ಕೆ ಹೋಲಿಸಿದರೆ .375ರದ್ದು ಸುಮಾರು ಎರಡು ಪಟ್ಟು. .458 ಲಾಟ್‌ನಂಥ ದೊಡ್ಡದರದ್ದು ಮೂರು ಪಟ್ಟಿಗೂ ಹೆಚ್ಚು. ಒದೆ ತಿಂದ ದೇಹ ಅದನ್ನು ನೆನಪಿಟ್ಟುಕೊಳ್ಳುತ್ತದೆ, ಮುಂದಿನ ಸಲ ಗುಂಡು ಹಾರುವ ಮೊದಲೇ ಬೆಚ್ಚುತ್ತದೆ. ಒಮ್ಮೆ ರೈಫಲ್ ಅಭ್ಯಾಸದ ಮೈದಾನದಲ್ಲಿ ಇದನ್ನು ಹತ್ತಿರದಿಂದ ಕಂಡೆ. ಅಗಲ ಎದೆಯ, ಕಟ್ಟುಮಸ್ತಾದ ಹಿರಿಯರೊಬ್ಬರು ಹೊಡೆಯುತ್ತಿದ್ದರು. ಗುಂಡುಗಳು ಗುರಿಹಲಗೆಯ ಕೆಳಕ್ಕೇ ಬೀಳುತ್ತಿದ್ದವು. ತರಬೇತಿ ಕೊಡುತ್ತಿದ್ದವರು ರೈಫಲ್ ಇಸಿದುಕೊಂಡು, ಬೆನ್ನು ತಿರುಗಿಸಿ, ಮದ್ದಿಲ್ಲದ ಹುಸಿ ತೋಟಾ ಹಾಕಿ ಹಿಂದಿರುಗಿಸಿದರು. ಹಿರಿಯರು ಗುರಿಯಿಟ್ಟು ಟ್ರಿಗರ್ ಎಳೆದರು. ‘ಟಿಕ್’ ಎಂದಿತಷ್ಟೇ. ಆದರೆ ಅವರ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿತ್ತು, ಹೆಗಲು ಮುಂದಕ್ಕೆ ನುಗ್ಗಿತ್ತು, ನಳಿಗೆಯ ತುದಿ ಗೇಣುದ್ದ ಕೆಳಗಿಳಿದಿತ್ತು.

“ಸಾರ್, ಒಳಗೆ ಗುಂಡೇ ಇರಲಿಲ್ಲ. ನಳಿಗೆ ಯಾಕೆ ಬಗ್ಗಿತು?”

ಹಿರಿಯರು ಉತ್ತರ ಕೊಡಲಿಲ್ಲ. ರೈಫಲ್ ಕೆಳಗಿಟ್ಟು, ಹೆಗಲು ನೀವಿಕೊಂಡು, “ಸಣ್ಣದು ಕೊಡಿ, ಮೊದಲಿಂದ ಶುರುಮಾಡ್ತೀನಿ” ಅಂದರು. ಅವರ ಮೇಲೆ ನನಗೆ ಗೌರವ ಹೆಚ್ಚಿದ್ದು ಆ ಗಳಿಗೆಯಲ್ಲಿ.

ಆಫ್ರಿಕಕ್ಕೆ ಹೋಗುವವರೂ ಶುರುಮಾಡಬೇಕಾದದ್ದು ಇಲ್ಲಿಂದಲೇ. ನಮೀಬಿಯಾದಲ್ಲೋ ದಕ್ಷಿಣ ಆಫ್ರಿಕದ ಲಿಂಪೊಪೊದಲ್ಲೋ ಇಂಪಾಲ, ಕುಡು, ಜೆಮ್ಸ್‌ಬಾಕ್, ವೈಲ್ಡ್‌ಬೀಸ್ಟ್‌ಗಳಿಗಷ್ಟೇ ಹೋಗುವವರಿಗೆ .375ರ ಅಗತ್ಯವೇ ಇಲ್ಲ. 1906ರ .30-06 ಇಂದಿಗೂ ಆ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಹೆಮಿಂಗ್ವೇ ತನ್ನ 1933–34ರ ಆಫ್ರಿಕ ಪ್ರವಾಸಕ್ಕೆ ಒಯ್ದದ್ದೂ ಅದನ್ನೇ. 11.7 ಗ್ರಾಂ ಗುಂಡು, ಸುಮಾರು 3,900 ಜೌಲ್, ಹೆಗಲು ತಾಳುವ ಒದೆತ. ಕಲಹರಿಯಂಥ ಬಯಲಿನಲ್ಲಿ 250, 300 ಮೀಟರ್ ದೂರದಿಂದ ಹೊಡೆಯಬೇಕಾದರೆ .300 ವಿಂಚೆಸ್ಟರ್ ಮ್ಯಾಗ್ನಂ ಇನ್ನಷ್ಟು ನೇರ. ಆದರೆ ಅತಿವೇಗದ ಗುಂಡು ಹತ್ತಿರದ ಪ್ರಾಣಿಗೆ ಬಿದ್ದರೆ ಅಂಗೈಯಗಲದ ಮಾಂಸ ಹೆಪ್ಪುಗಟ್ಟಿದ ರಕ್ತವಾಗಿ ಹಾಳಾಗುತ್ತದೆ. ಆ ಮಾಂಸ ಯಾವುದೋ ಹಳ್ಳಿಯ ಸಂಜೆಯ ಊಟ ಎಂಬುದನ್ನು ಮರೆಯಬಾರದು.

ಕಾಡೆಮ್ಮೆಯೂ ಪಟ್ಟಿಯಲ್ಲಿದ್ದರೆ, ಒಂದೇ ರೈಫಲ್ ಒಯ್ಯುವುದಾದರೆ .375. ನಾಗರಹೊಳೆಯಲ್ಲಿ ಕಾಟಿಯನ್ನು ಹತ್ತಿರದಿಂದ ಕಂಡವರಿಗೆ ಅಂಥ ಮೈಯ ಅಂದಾಜಿದೆ. ಆಫ್ರಿಕದ ಕಾಡೆಮ್ಮೆ ತೂಕದಲ್ಲಿ ನಮ್ಮ ಕಾಟಿಗಿಂತ ಕಡಿಮೆ, ಗಾಯಗೊಂಡಾಗಿನ ಹಟದಲ್ಲಿ ಯಾವುದಕ್ಕೂ ಕಡಿಮೆಯಲ್ಲ. .375ರ ಗುಂಡು 200 ಮೀಟರ್ ಆಚೆಗೂ ಹೆಚ್ಚುಕಡಿಮೆ .30-06ರ ದಾರಿಯಲ್ಲೇ ಹಾರುವುದರಿಂದ ಬೆಳಿಗ್ಗೆ ಕಾಡೆಮ್ಮೆಗೂ ಸಂಜೆ ಇಂಪಾಲಕ್ಕೂ ಅದೇ ಸಾಕು. ಬೇಟೆಗಾರರು ಬಂದುಹೋಗುವ ಅಲ್ಲಿನ ಊರುಗಳಲ್ಲಿ ಅದರ ತೋಟಾ ಸಿಗುತ್ತದೆ. ವಿಮಾನದಲ್ಲಿ ಒಬ್ಬರಿಗೆ ಐದು ಕಿಲೋ ತೋಟಾ ಮಾತ್ರ ಒಯ್ಯಲು ಬಿಡುವುದರಿಂದ, ಪೆಟ್ಟಿಗೆ ಕಳೆದುಹೋಗುವುದೂ ಉಂಟಾದ್ದರಿಂದ, ಇದು ಸಣ್ಣ ಮಾತಲ್ಲ. .416, .458, .470 ಇವೆಲ್ಲ ಅದರ ಮುಂದಿನ ಮೆಟ್ಟಿಲು. ಮೈಮೇಲೆ ಬರುವ ಪ್ರಾಣಿಯನ್ನು ಹತ್ತು ಹೆಜ್ಜೆಯಲ್ಲಿ ತಡೆಯಬೇಕಾದ ವೃತ್ತಿ ಶಿಕಾರಿಗೆ ಅವು ಅಗತ್ಯ. ಅತಿಥಿಗೆ ಅಂಥ ರೈಫಲ್ ಬೇಕೆನ್ನಿಸಿದರೆ ಬೇಡವೆನ್ನಲಾರೆ. ಆದರೆ ಹುಸಿ ತೋಟಾದ ಪರೀಕ್ಷೆಯಲ್ಲಿ ನಳಿಗೆ ಅಲುಗದಂತೆ ಹೊಡೆಯುವುದನ್ನು ಕಲಿತ ಮೇಲೆ.

ದೊಡ್ಡದೆಂದು ನಂಬಿದ್ದೂ ಕೈಕೊಡುತ್ತದೆ. 1956ರಲ್ಲಿ ಬಂದ .458 ವಿಂಚೆಸ್ಟರ್ ಮ್ಯಾಗ್ನಂ ಕಾಗದದ ಮೇಲೆ ಜೋಡುನಳಿಗೆಯ ದೊಡ್ಡ ಕೋವಿಗಳಿಗೆ ಸರಿಸಮ. ಅದರ ಗಿಡ್ಡ ಚಿಪ್ಪಿನೊಳಗೆ ಮದ್ದನ್ನು ಒತ್ತಿ ತುಂಬಬೇಕಿತ್ತು. ಕೆಲವು ತೋಟಾಗಳಲ್ಲಿ ಮದ್ದು ಗಟ್ಟಿಕಟ್ಟಿ ಸರಿಯಾಗಿ ಉರಿಯದೆ ಗುಂಡಿನ ವೇಗ ಕುಸಿಯಿತು. 1959ರಲ್ಲಿ ಮೊಜಾಂಬಿಕ್‌ನಲ್ಲಿ ಆ ರೈಫಲ್ ಹಿಡಿದಿದ್ದ ಅಮೆರಿಕದ ಬೇಟೆಗಾರ ಜ್ಯಾಕ್ ಲಾಟ್‌ನ ಮೇಲೆ ಗಾಯಗೊಂಡ ಕಾಡೆಮ್ಮೆ ಎರಗಿತು. ಬದುಕಿ ಬಂದ ಲಾಟ್ ಉದ್ದ ಚಿಪ್ಪಿನ ಹೊಸ ತೋಟಾ ರೂಪಿಸಿದ, 1971ರಲ್ಲಿ ಬಂದ .458 ಲಾಟ್ ಅದೇ. ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಯನ್ನು ಕಣ್ಣುಮುಚ್ಚಿ ನಂಬಬಾರದು. ಒಯ್ಯುವ ತೋಟಾವನ್ನೇ, ಒಯ್ಯುವ ರೈಫಲ್‌ನಲ್ಲೇ ಹೊಡೆದು ನೋಡಿರಬೇಕು. ಅದೂ ಮೇಜಿಗೆ ಆನಿಸಿ ಕೂತಲ್ಲ. ಕಾಡಿನಲ್ಲಿ ಸಿಗುವಂತೆ, ನಿಂತುಕೊಂಡು, ಮೂರು ಕಾಲಿನ ಊರುಗೋಲಿಗೆ ಆನಿಸಿ. ಹೊರಡುವುದಕ್ಕೆ ಆರು ತಿಂಗಳ ಮುಂಚಿನಿಂದ ವಾರವಾರವೂ ಇದು ನಡೆಯಬೇಕು. ಆಗಲೂ ಹೆಗಲು ಒಪ್ಪದಿದ್ದರೆ ರೈಫಲನ್ನೇ ಬದಲಿಸಬೇಕು. ಚಿಕ್ಕ ರೈಫಲ್ ಕಾನೂನಿನ ಗೆರೆಗಿಂತ ಕೆಳಗಿದ್ದರೆ ಆ ಪ್ರಾಣಿಯ ಬೇಟೆಯನ್ನೇ ಬಿಡಬೇಕು. ಹೀಗೆ ಬಿಟ್ಟವರನ್ನು ಯಾರೂ ಹೇಡಿ ಎನ್ನಲಾರರು.

ಆಫ್ರಿಕದ ಬೇಟೆ ಬಿಡಾರಗಳಲ್ಲಿ ಅತಿಥಿ ಬಂದಿಳಿದ ದಿನವೇ ಒಂದು ಕೆಲಸ ನಡೆಯುತ್ತದೆ. ಪ್ರಯಾಣದಲ್ಲಿ ರೈಫಲ್‌ನ ದುರ್ಬೀನು ಅಲುಗಿರಬಹುದೆಂದು, ನೂರು ಮೀಟರ್ ದೂರದಲ್ಲಿ ಮರಕ್ಕೋ ರಟ್ಟಿನ ಪೆಟ್ಟಿಗೆಗೋ ಕಾಗದ ಅಂಟಿಸಿ ಎರಡು ಮೂರು ಗುಂಡು ಹೊಡೆಸುತ್ತಾರೆ. ಅತಿಥಿಯೂ ವೃತ್ತಿ ಶಿಕಾರಿಯೂ ಬೈನಾಕ್ಯುಲರ್ ಹಿಡಿದು ಕಾಗದದ ತೂತು ನೋಡುತ್ತಾರೆ. ಜಾಡು ನೋಡುವವನೂ ಅಲ್ಲೇ ಬದಿಯಲ್ಲಿ ಊರುಗೋಲು ಹಿಡಿದು ನಿಂತಿರುತ್ತಾನೆ. ಕಾಗದ ಅವನಿಗೆ ಕಾಣುವುದಿಲ್ಲ, ಅವನಿಗೆ ಅದು ಬೇಕಾಗಿಯೂ ಇಲ್ಲ. ಟ್ರಿಗರ್ ಎಳೆಯುವಾಗ ಅತಿಥಿಯ ಕಣ್ಣು ಮುಚ್ಚಿತೋ ತೆರೆದೇ ಇತ್ತೋ, ಅವನು ನೋಡಿಕೊಳ್ಳಬೇಕಾದದ್ದು ಅದನ್ನು. ನಾಳೆ ಬೆಳಿಗ್ಗೆ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಡೆಯಬೇಕಾದವನು ಅವನು.